ಮನೆ ಕಾಯುವ ಬಂದೂಕು ಮಾರ್ಚ್ ತಿಂಗಳಲ್ಲಿ ಎಲ್ಲಿರುತ್ತದೆ?

ತಿಕೋಟಾದ ಒಂದು ಚಹಾ ಅಂಗಡಿಯಲ್ಲಿ ಕೂತಿದ್ದಾಗ ದ್ರಾಕ್ಷಿ ಬೆಳೆಗಾರರ ಮಗನೊಬ್ಬ ನಮ್ಮ ಮುಂದೆ ಮೊಬೈಲ್ ಹಿಡಿದ. ವಿಡಿಯೊದಲ್ಲಿ ಅಮೆರಿಕದವನೊಬ್ಬ ತನ್ನ ಗ್ಯಾರೇಜಿನಲ್ಲಿ ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ ಬಿಚ್ಚಿ ಹರವಿಕೊಂಡಿದ್ದ. ಸ್ಪ್ರಿಂಗ್ ಬದಲಿಸಿದ, ತೋಟಾ ತುಂಬುವ ಕೊಳವೆ ಉದ್ದ ಮಾಡಿದ, ಮುಂದೆ ಟಾರ್ಚ್ ಕೂರಿಸಿದ. ಕೊನೆಗೆ, ಈಗ ನನ್ನ ಮನೆ ಸುರಕ್ಷಿತ ಅಂದ. ಹುಡುಗ ನಮ್ಮನ್ನು ಕೇಳಿದ್ದು ಇಷ್ಟೇ: 'ಇಂಥಾದ್ದೊಂದು ನಮ್ಮ ತೋಟದ ವಸ್ತಿಗೆ ಬೇಕಾಗೇತ್ರಿ ಸರ. ಲೈಸೆನ್ಸ್ ಮಾಡಿಸಿಕೊಡೋರು ಯಾರರ ನಿಮಗ ಗುರ್ತದಾರೇನ್ರಿ?'

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗನ ಭಯ ಸುಳ್ಳಲ್ಲ. 2025ರ ಜನವರಿಯಲ್ಲಿ ವಿಜಯಪುರ ನಗರದ ಹೊರವಲಯದ ಬಡಾವಣೆಗಳಲ್ಲಿ ಮುಸುಕುಧಾರಿ ಕಳ್ಳರ ಹಾವಳಿ ಎದ್ದಾಗ ಓಣಿಯ ಹುಡುಗರು ಬಡಿಗೆ ಹಿಡಿದು ರಾತ್ರಿಯೆಲ್ಲ ಗಸ್ತು ತಿರುಗಿದ್ದರು. ಅದೇ ವರ್ಷ ಸೆಪ್ಟೆಂಬರ್ 16ರ ಸಂಜೆ ಚಡಚಣದ ಸ್ಟೇಟ್ ಬ್ಯಾಂಕಿಗೆ ಕಂಟ್ರಿ ಪಿಸ್ತೂಲು ಹಿಡಿದವರು ನುಗ್ಗಿ ಸಿಬ್ಬಂದಿಯ ಕೈಕಾಲು ಕಟ್ಟಿ ಚಿನ್ನ, ನಗದು ಹೊತ್ತೊಯ್ದರು. ಇವೆರಡನ್ನೂ ಕೇಳಿದ, ಊರಿಂದ ಎರಡು ಕಿಲೋಮೀಟರ್ ದೂರದ ವಸ್ತಿಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿಯ ಜೊತೆ ಮಲಗುವ ಮನುಷ್ಯ ಬಂದೂಕಿನ ಬಗ್ಗೆ ಯೋಚಿಸದೆ ಇರುತ್ತಾನೆಯೇ?

ನಮ್ಮ ತಕರಾರು ಅವನ ಭಯದ ಮೇಲಲ್ಲ. ಆ ಭಯಕ್ಕೆ ಈ ಗ್ಯಾರೇಜಿನ ಔಷಧ ಹಚ್ಚುತ್ತಿರುವವರ ಮೇಲೆ, ಮತ್ತು 'ಎಲ್ಲರಿಗೂ ಲೈಸೆನ್ಸ್ ಕೊಡಿ, ಸಮಸ್ಯೆ ಮುಗೀತು' ಎಂದು ವೇದಿಕೆ ಮೇಲೆ ಚಪ್ಪಾಳೆ ಗಿಟ್ಟಿಸುವವರ ಮೇಲೆ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ನಮ್ಮಲ್ಲಿ ಬಹಳ ಜನ ಅಂದುಕೊಂಡಷ್ಟು ಬಿಗಿ ಇಲ್ಲ. ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆ ಇಲ್ಲದ ನಳಿಕೆಯ ನುಣುಪು ಬಂದೂಕು, ಬೆಳೆ ಕಾಯಲು ಮುಂದಿನಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ನಿರಾಕರಿಸಲು ಕಾರಣವಿಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು ಎನ್ನುತ್ತದೆ. ಪೊಲೀಸ್ ವರದಿ, ತರಬೇತಿ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಎಲ್ಲ ಬೇಕು, ಅದಿರಲಿ. ಆದರೆ ವಿಡಿಯೊದಲ್ಲಿದ್ದ ವಸ್ತು ಬೇರೆ. 2016ರ ನಿಯಮಗಳ ಪಟ್ಟಿಯಲ್ಲಿ, ಪಿಸ್ತೂಲಿನಂಥ ಕೆಲವನ್ನು ಬಿಟ್ಟರೆ ಸೆಮಿ-ಆಟೋಮ್ಯಾಟಿಕ್ ಬಂದೂಕುಗಳು ನಿಷೇಧಿತ ವರ್ಗದಲ್ಲಿವೆ. ನಳಿಕೆ 20 ಇಂಚಿಗಿಂತ ಗಿಡ್ಡ ಇರುವ ಬಂದೂಕೂ ಅದೇ ಸಾಲಿನಲ್ಲಿದೆ. ಜಿಲ್ಲಾಧಿಕಾರಿ ಕಚೇರಿಯ ಕೌಂಟರಿನಲ್ಲಿ ಅರ್ಜಿ ಹಾಕಿ ಮನೆ ಕಾಯಲೆಂದು ಪಡೆಯುವ ಸಾಮಾನು ಅದಲ್ಲ.

'ಇದ್ದ ಬಂದೂಕನ್ನೇ ಸ್ವಲ್ಪ ತಿದ್ದಿಸಿಕೊಂಡರಾಯ್ತು' ಅನ್ನುವವರು ಇದನ್ನು ಎರಡು ಸಲ ಓದಬೇಕು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದೆ ನಳಿಕೆ ಗಿಡ್ಡ ಮಾಡುವುದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದು ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯ ಅಪರಾಧ. ಗುಜರಿ ಅಂಗಡಿಯ ಗ್ರೈಂಡರ್ ಮುಂದೆ ಹತ್ತು ನಿಮಿಷದ ಕೆಲಸಕ್ಕೆ ಏಳು ವರ್ಷ. ವಿಡಿಯೊ ಮಾಡಿದವನಿಗೆ ಇದು ಗೊತ್ತಿರಬೇಕಾಗಿಲ್ಲ, ಅವನ ಊರು ಬೇರೆ. ಅದನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ 'ಹಿಂಗ ಇರಬೇಕ್ ನೋಡ್ರಿ' ಅನ್ನುವ ನಮ್ಮೂರಿನವರಿಗೆ ಗೊತ್ತಿರಬೇಕು.

ಕಾನೂನು ಒತ್ತಟ್ಟಿಗಿಡೋಣ. ಯಂತ್ರವನ್ನೇ ನೋಡಿ. ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ ಹಾರಿದ ತೋಟಾದ ಅನಿಲದ ಒತ್ತಡವನ್ನೋ ಒದೆತವನ್ನೋ ಬಳಸಿಕೊಂಡು ಖಾಲಿ ಕವಚವನ್ನು ಹೊರಗೆಸೆದು ಮುಂದಿನದನ್ನು ತಾನೇ ಏರಿಸಿಕೊಳ್ಳುತ್ತದೆ. ತೋಟಾ ದುರ್ಬಲವಾದರೆ, ಮಸಿ ಕಟ್ಟಿದರೆ, ಎಣ್ಣೆ ಆರಿದರೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಯವರು ಸ್ಪ್ರಿಂಗು, ಪಿಸ್ಟನ್ನು ಎಂದು ತಲೆ ಕೆಡಿಸಿಕೊಳ್ಳುವುದು ಅದಕ್ಕೇ. ಆ ರಿಪೇರಿಯೆಲ್ಲ ಆ ಬಂದೂಕನ್ನೇ ಆರಿಸಿಕೊಂಡದ್ದರಿಂದ ಹುಟ್ಟಿದ ಕೆಲಸ. ತಿದ್ದಿದ ಮೇಲೂ ನಂಬಿಕೆ ಬರಬೇಕಾದರೆ ನೂರಾರು ಸುತ್ತು ಹಾರಿಸಿ ನೋಡಬೇಕು ಎಂದು ಅವರೇ ಹೇಳುತ್ತಾರೆ. ನಮ್ಮಲ್ಲಿ ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ, ಅಷ್ಟನ್ನೇ ಕೊಳ್ಳಬೇಕು. ಬಬಲೇಶ್ವರ ಕಡೆಯ ಒಬ್ಬ ಲೈಸೆನ್ಸುದಾರರನ್ನು ಕೊನೆಯ ಸಲ ಯಾವಾಗ ಹಾರಿಸಿದಿರಿ ಎಂದು ಕೇಳಿದೆವು. ನೆನಪು ಮಾಡಿಕೊಳ್ಳಲು ಅವರು ಹೆಂಡತಿಯನ್ನು ಕರೆದರು.

ಅವರ ಮನೆಯಲ್ಲಿರುವುದು ಅಪ್ಪನ ಕಾಲದ 12 ಬೋರಿನ ಜೋಡಿ ನಳಿಕೆ. ಮಡಚಿ ಎರಡು ತೋಟಾ ಹಾಕಬೇಕು, ಮುಚ್ಚಬೇಕು. ಎರಡು ಕುದುರೆ, ಒಂದು ಕೈಕೊಟ್ಟರೆ ಇನ್ನೊಂದು ಇದೆ. ಅದಕ್ಕೆ ಬೇಕಾದ 'ಕಸ್ಟಮೈಸೇಷನ್' ಎಂದರೆ ವರ್ಷಕ್ಕೆ ನಾಲ್ಕು ಸಲ ನಳಿಕೆಗೆ ಎಣ್ಣೆ ಅರಿವೆ ಎಳೆಯುವುದು, ಹಳೆಯ ತೋಟಾ ಬದಲಿಸುವುದು, ಬೀಗವಿರುವ ಕಪಾಟು. ಬಂದೂಕು ಇಟ್ಟೇ ತೀರುತ್ತೇನೆ ಎನ್ನುವವರಿಗೆ ನಮ್ಮ ಸಲಹೆ ಅಷ್ಟೇ. ಕೇಳಲು ಬಹಳ ಸಪ್ಪೆ, ಯಾರೂ ವಿಡಿಯೊ ಮಾಡುವುದಿಲ್ಲ.

ಇನ್ನೊಂದು ಲೆಕ್ಕ. ದ್ರಾಕ್ಷಿ ಕಟಾವು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಮಣೂಕ ಶೆಡ್ಡಿನಲ್ಲಿ ಒಣಗುತ್ತಿರುತ್ತದೆ, ವ್ಯಾಪಾರಿಗಳು ಬಂದು ಹೋಗುತ್ತಿರುತ್ತಾರೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ವಸ್ತಿಯಲ್ಲಿ ಕಳ್ಳರ ಭಯ ಹೆಚ್ಚಿರುವ ತಿಂಗಳು ಇವೇ. 2023ರ ವಿಧಾನಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. 2024ರ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಫಲಿತಾಂಶ ಜೂನ್ 4ಕ್ಕೆ. ನೀತಿಸಂಹಿತೆ ಬಂದರೆ ಸ್ಕ್ರೀನಿಂಗ್ ಸಮಿತಿ ವಿನಾಯಿತಿ ಕೊಡದವರೆಲ್ಲ ಬಂದೂಕು ಠೇವಣಿ ಇಡಬೇಕು. ಅಂದರೆ ಹತ್ತಿರ ಹತ್ತಿರ ಎಂಬತ್ತು ದಿನ ಮನೆ ಕಾಯುವ ಬಂದೂಕನ್ನು ಪೊಲೀಸ್ ಠಾಣೆ ಕಾಯುತ್ತಿತ್ತು. ಆಗ ಮನೆಯನ್ನು ಯಾರು ಕಾದರು ಎಂದು ಕೇಳಿದರೆ ಎಲ್ಲರ ಉತ್ತರ ಒಂದೇ: ನಾಯಿ, ಬಲ್ಬು, ಪಕ್ಕದ ವಸ್ತಿಯವರ ಫೋನ್ ನಂಬರು.

ಈ ಭಾಗದ ದೊಡ್ಡ ಕಳ್ಳತನ ಹೇಗಾಯಿತೆಂಬುದನ್ನೂ ನೋಡಿ. 2025ರ ಮೇ ತಿಂಗಳಲ್ಲಿ ಮನಗೂಳಿಯ ಕೆನರಾ ಬ್ಯಾಂಕಿನಿಂದ 58 ಕಿಲೋಗೂ ಹೆಚ್ಚು ಚಿನ್ನ ಹೋಯಿತು. ಬಂಧಿತರಲ್ಲಿ ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೂ ಇದ್ದರು, ನಕಲಿ ಕೀಲಿ ಬಳಸಿದ್ದರು ಎಂದರು ಪೊಲೀಸರು. ಕೀಲಿ ತಂದವನ ಮುಂದೆ ಯಾವ ಬೋರಿನ ಬಂದೂಕು ಏನು ಮಾಡೀತು? ಇನ್ನೂ ಹಿಂದಕ್ಕೆ ಹೋಗುವುದಾದರೆ, ನಮ್ಮ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು. ರಾತ್ರಿ ಅಲ್ಲ, ಗೋಡೆ ಹಾರಿಯೂ ಅಲ್ಲ. ಬಾಗಿಲು ಬಡಿದರು, ಮನೆಯವರು ತೆರೆದರು. ಕೊಂದದ್ದು ನಾಡ ಪಿಸ್ತೂಲು. ಭೀಮಾ ತೀರದ ಹೆಣಗಳ ಹಿಂದೆಯೂ ಮತ್ತೆ ಮತ್ತೆ ಸಿಕ್ಕದ್ದು ಇದೇ ಮಾಲು. ಅದನ್ನು ಎಲ್ಲಿ ಮಾಡುತ್ತಾರೆ, ಯಾರು ತರುತ್ತಾರೆ, ಯಾರು ಮಾರುತ್ತಾರೆ ಎಂಬ ಪ್ರಶ್ನೆ ಬಿಟ್ಟು ವಸ್ತಿಯ ರೈತನ ಕೈಗೆ ಇನ್ನೊಂದು ನಳಿಕೆ ಕೊಡುತ್ತೇವೆ ಎನ್ನುವುದು ಯಾವ ಸೀಮೆಯ ಪರಿಹಾರ?

'ಕೊಡಗಿನವರಿಗಿಲ್ಲವೇ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟು-ಸಾವಿನ ಆಚರಣೆಯೊಳಗೆ ಬೆರೆತದ್ದು, ಹೇಗೆ ಹಿಡಿಯಬೇಕೆಂದು ಮನೆಯ ಹಿರಿಯರು ಕಲಿಸುತ್ತಾರೆ. ಇನ್ನು ಕೆಲವರು ಹಲಗಲಿ ಬೇಡರನ್ನು ಎಳೆದು ತರುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಆಜ್ಞೆಗೆ ಎದುರು ನಿಂತ ಹಲಗಲಿಯ ಮೇಲೆ ನಮಗೂ ಅವರಷ್ಟೇ ಅಭಿಮಾನ. ಆದರೆ ಇಡೀ ಊರೇ ತನ್ನ ಬದುಕಿನ ಹತಾರಕ್ಕಾಗಿ ಸಾಯಲು ನಿಂತದ್ದೆಲ್ಲಿ, ಮದುವೆ ಮೆರವಣಿಗೆಯಲ್ಲಿ ಸೊಂಟದ ರಿವಾಲ್ವರ್ ಕಾಣುವಂತೆ ಅಂಗಿ ಒಳಗೆ ಸಿಕ್ಕಿಸುವುದೆಲ್ಲಿ? (ಸಂಭ್ರಮಕ್ಕೆ ಗಾಳಿಯಲ್ಲಿ ಅಜಾಗರೂಕವಾಗಿ ಗುಂಡು ಹಾರಿಸಿದರೆ ಈಗ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಬಲ್ಲವರು ಮೆರವಣಿಗೆಯ ಮುಂದಿನ ಸಾಲಿಗೆ ತಿಳಿಸಿ.)

ಈ ಶೋಕಿಗೆ ನಾವೂ ಹಾಲೆರೆದಿದ್ದೇವೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಯುಧ ಪೂಜೆಯ ದಿನ ಮುಖಂಡರು ಬಂದೂಕಿಗೆ ಕುಂಕುಮ ಹಚ್ಚುವ ಫೋಟೊ ಕಳಿಸಿದವರು ನಮ್ಮಂಥ ಸ್ಟ್ರಿಂಗರುಗಳೇ. ಜಿಲ್ಲಾ ಪುಟದಲ್ಲಿ ಅದು ಮೂರು ಕಾಲಂ ಬಂತು. ವಸ್ತಿಗಳಿಗೆ ರಾತ್ರಿ ಬೀಟ್ ಬೇಕೆಂದು ಬರೆದದ್ದು ಒಂದು ಕಾಲಮ್ಮಿನಲ್ಲೂ ಬರಲಿಲ್ಲ.

ಒಂದು ಮಾತು ಹೇಳಲು ಕಷ್ಟ, ಆದರೂ ಹೇಳಬೇಕು. ಬಂದೂಕಿನ ದೇಶವೆಂದೇ ಹೆಸರಾದ ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ತಮ್ಮ ಜೀವ ತೆಗೆದುಕೊಂಡವರು. ಅಕಾಲಿಕ ಮಳೆಗೆ ಗೊನೆ ಒಡೆದು, ಬ್ಯಾಂಕಿನ ನೋಟಿಸು ಬಂದು, ರಾತ್ರಿ ನಿದ್ದೆ ಬಾರದೆ ಕೂತ ರೈತನ ಮನೆಯ ಕಪಾಟಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಈ ಜಿಲ್ಲೆಯವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ವಸ್ತಿಯ ಮನೆಗಳೂ ಬಹುಪಾಲು ಪತ್ರಾಸಿನವು. ಗಾಬರಿಯಲ್ಲಿ ಕತ್ತಲಿಗೆ ಹೊಡೆದ ದೊಡ್ಡ ಚರೆ ತಗಡು ಸೀಳಿ ಆಚೆ ಮಲಗಿದ ಮಗುವಿಗೋ ಎಮ್ಮೆಗೋ ತಾಗಿದ ಮೇಲೆ ಬಂದವನು ಕಳ್ಳನಲ್ಲ, ನೀರು ಬಿಡಲು ಹೊರಟಿದ್ದ ಪಕ್ಕದ ಹೊಲದವನು ಎಂದು ಗೊತ್ತಾದರೆ? ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲೂ ಬರುತ್ತದೆ. ಅಪರಾತ್ರಿ ಟಾರ್ಚ್ ಹಿಡಿದು ಹೊಲದಲ್ಲಿ ಓಡಾಡುವವರೆಲ್ಲ ಕಳ್ಳರಾದರೆ ಅರ್ಧ ತಾಲ್ಲೂಕೇ ಕಳ್ಳರು. ಸೂರ್ಯಾಸ್ತದ ನಂತರ ಮನೆಗೆ ಕನ್ನ ಹಾಕಿದವನ ವಿರುದ್ಧದ ಆತ್ಮರಕ್ಷಣೆಗೆ ಭಾರತೀಯ ನ್ಯಾಯ ಸಂಹಿತೆ ದೊಡ್ಡ ರಕ್ಷಣೆ ಕೊಡುತ್ತದೆ, ನಿಜ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂದೂ ಅದೇ ಸಂಹಿತೆ ಹೇಳುತ್ತದೆ, ಅದರ ಲೆಕ್ಕ ಆಮೇಲೆ ಕೋರ್ಟಿನಲ್ಲಿ ನಡೆಯುತ್ತದೆ. ವಾಯಿದೆಗಳ ಮೇಲೆ ವಾಯಿದೆ, ವಕೀಲರ ಫೀಸು. ಆ ಖರ್ಚಿನ ವಿಡಿಯೊ ಇನ್ನೂ ನಾವು ನೋಡಿಲ್ಲ.

ಹಾಗಾದರೆ ಏನು ಬೇಕು? ಕೇಳಬೇಕಾದ್ದನ್ನು ಕೇಳಬೇಕಾದವರಿಗೇ ಕೇಳುತ್ತೇವೆ. ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳಾದವು, ಬೋರ್ಡು ಬದಲಾದವು. ವಸ್ತಿಗಳ ದಾರಿಯಲ್ಲಿ ರಾತ್ರಿ ಜೀಪು ಎಷ್ಟು ಸಲ ಓಡುತ್ತದೆ, 112ಕ್ಕೆ ಕರೆ ಮಾಡಿದರೆ ತೋಟದ ಮನೆ ಮುಟ್ಟಲು ಎಷ್ಟು ನಿಮಿಷ, ಇದನ್ನು ತಿಂಗಳಿಗೊಮ್ಮೆ ಠಾಣೆಯ ಗೋಡೆಗೆ ಅಂಟಿಸಲಿ. ಮಣೂಕದ ಮೂರು ತಿಂಗಳು ಶೆಡ್ಡುಗಳಿರುವ ದಾರಿಗೆ ಬೇರೆ ಬೀಟ್ ಹಾಕಲಿ. ಪಂಪ್‌ಸೆಟ್ಟಿನ ಕರೆಂಟನ್ನು ಹಗಲಿಗೆ ತರಲಿ, ಕತ್ತಲಲ್ಲಿ ಓಡಾಡುವವರು ಕಡಿಮೆಯಾದರೆ ಯಾರು ಯಾರೆಂಬುದಾದರೂ ತಿಳಿಯುತ್ತದೆ. ಶಸ್ತ್ರ ಲೈಸೆನ್ಸ್ ಎಷ್ಟು, ಯಾವ ತಾಲ್ಲೂಕಿಗೆ, ಯಾವ ಕಾರಣಕ್ಕೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಹೆಸರಿಲ್ಲದೆಯೇ ಪ್ರಕಟಿಸಲಿ. ಬೆಳೆ ಕಾಯಲು ಕೊಟ್ಟದ್ದೆಷ್ಟು, ನಗರದ ಬಂಗಲೆಗಳಿಗೆ ಕೊಟ್ಟದ್ದೆಷ್ಟು ಎಂದು ಜನ ನೋಡಲಿ. ಹಂದಿ ಕಾಟಕ್ಕೆ ಹಳೆಯ ಮದ್ದಿನ ಬಂದೂಕು ಕೇಳುವ ಹಿಡುವಳಿದಾರ ಅಲೆಯುತ್ತಿರಬೇಕು, ಗನ್‌ಮ್ಯಾನ್ ಇದ್ದವರಿಗೆ ಎರಡನೆಯ ರಿವಾಲ್ವರ್ ಸಿಗಬೇಕು ಎಂಬುದೇ ಪದ್ಧತಿಯಾದರೆ ಅದನ್ನು ಪದ್ಧತಿ ಎಂದೇ ಬರೆದಿಡಲಿ.

ಆ ಹುಡುಗನಿಗೆ ನಾವು ಲೈಸೆನ್ಸಿನ ದಾರಿ ಹೇಳಿದೆವು, ಬಚ್ಚಿಡಲಿಲ್ಲ. ಅರ್ಜಿ ಎಲ್ಲಿ, ತರಬೇತಿ ಯಾಕೆ, ಜೋಡಿ ನಳಿಕೆಗೂ ವಿಡಿಯೊದಲ್ಲಿದ್ದದ್ದಕ್ಕೂ ಕಾನೂನಿನಲ್ಲಿ ಏನು ವ್ಯತ್ಯಾಸ, ಎಲ್ಲ. ಅವನು ಕೇಳಿಸಿಕೊಂಡು ಚಹಾ ಮುಗಿಸಿದ. ಹೋಗುವಾಗ ಠಾಣೆಯ ಬೀಟ್ ಪೊಲೀಸರ ಮೊಬೈಲ್ ನಂಬರ್ ಇದೆಯೇ ಎಂದು ಕೇಳಿದ. ನಮ್ಮ ಬಳಿ ಇದ್ದದ್ದು ಹಿಂದಿನವರ ನಂಬರು. ಅವರಿಗೆ ವರ್ಗವಾಗಿ ಎಂಟು ತಿಂಗಳಾಗಿತ್ತು.