ಸೂಟ್‌ಕೇಸಿನಲ್ಲಿ ಸಾಗುವ ರಫ್ತು

ಪ್ಯಾರಿಸ್ಸಿನಲ್ಲಿ 1,000 ಯೂರೋ ಕೊಟ್ಟು ಕೈಚೀಲ ಕೊಂಡವರು ಊರಿಗೆ ಬಂದು ಒಪ್ಪಿಸುವ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ‘ಅಲ್ಲಿ ತೆರಿಗೆ ಶೇ 20. ಇನ್ನೂರು ಯೂರೋ ವಾಪಸ್ ಬರಬೇಕಿತ್ತು, ಬಂದದ್ದು ನೂರಿಪ್ಪತ್ತು. ಎಲ್ಲೋ ಯಾರೋ ತಿಂದಿದ್ದಾರೆ.’ ಲೆಕ್ಕ ತಪ್ಪು, ಆದರೆ ಅನುಮಾನ ಪೂರ್ತಿ ಸುಳ್ಳಲ್ಲ. ಯುರೋಪಿನ ಅಂಗಡಿಗಳಲ್ಲಿ ಬೆಲೆಚೀಟಿಯ ಮೇಲಿರುವುದು ತೆರಿಗೆ ಸೇರಿದ ಬೆಲೆ. ಸಾವಿರದಲ್ಲಿ ಮೂಲಬೆಲೆ 833 ಯೂರೋ ಚಿಲ್ಲರೆ, ಉಳಿದ 166 ಯೂರೋ ಚಿಲ್ಲರೆ ತೆರಿಗೆ. ಅಂದರೆ ಬಿಲ್ಲಿನ ಆರನೇ ಒಂದು ಪಾಲು. ಫ್ರಾನ್ಸಿನಲ್ಲಿ ಪ್ರವಾಸಿಯ ಕೈಗೆ ಮರಳುವುದು ಬಿಲ್ಲಿನ ಸುಮಾರು ಶೇ 12 ಮಾತ್ರ. ನಡುವಿನ ನಲವತ್ತಾರು ಯೂರೋ ಎಲ್ಲಿ ಹೋಯಿತು ಎಂಬ ಪ್ರಶ್ನೆಯಲ್ಲೇ ಈ ವ್ಯವಸ್ಥೆಯ ಅರ್ಧ ಕಥೆ ಇದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಪ್ರವಾಸಿಗೆ ಕೊಡುವ ತೆರಿಗೆ ಮರುಪಾವತಿ ಯಾವ ದೇಶದ ಔದಾರ್ಯವೂ ಅಲ್ಲ. ವ್ಯಾಟ್ ಆಗಲಿ ಜಿಎಸ್‌ಟಿ ಆಗಲಿ, ಎರಡೂ ಬಳಕೆಯ ಮೇಲಿನ ತೆರಿಗೆ. ವಸ್ತು ಎಲ್ಲಿ ಬಳಕೆಯಾಗುತ್ತದೋ ಆ ನೆಲಕ್ಕೆ ಅದರ ತೆರಿಗೆ ಸೇರಬೇಕು ಎಂಬುದು ಇವುಗಳ ಮೂಲ ತತ್ವ. ರಫ್ತಾಗುವ ಸರಕಿನ ಮೇಲೆ ದೇಶಗಳು ಸಾಮಾನ್ಯವಾಗಿ ಈ ತೆರಿಗೆ ಹೇರದಿರುವುದು ಇದೇ ಕಾರಣಕ್ಕೆ. ಸರಕು ಹಡಗಿನ ಕಂಟೇನರಿನಲ್ಲಿ ಹೋದರೂ ರಫ್ತು, ಸೂಟ್‌ಕೇಸಿನಲ್ಲಿ ಹೋದರೂ ರಫ್ತೇ. ಹೋಟೆಲಿನ ಬಾಡಿಗೆಗೆ, ಅಲ್ಲೇ ಕೂತು ಉಂಡ ಊಟಕ್ಕೆ, ಟ್ಯಾಕ್ಸಿಗೆ ಕೊಟ್ಟ ತೆರಿಗೆ ಯಾಕೆ ವಾಪಸ್ ಬರುವುದಿಲ್ಲ ಎಂಬುದಕ್ಕೂ ಇದೇ ಉತ್ತರ: ಅವು ಅಲ್ಲೇ ಬಳಕೆಯಾಗಿ ಮುಗಿದವು.

ತತ್ವ ಇಷ್ಟು ಸರಳವಾಗಿದ್ದರೂ ದುಡ್ಡು ಸರಳವಾಗಿ ಬರುವುದಿಲ್ಲ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ. ಯುರೋಪಿನ ಬಹುತೇಕ ಅಂಗಡಿಗಳು ಮರುಪಾವತಿಯ ಕೆಲಸವನ್ನು ಗ್ಲೋಬಲ್ ಬ್ಲೂ, ಪ್ಲಾನೆಟ್‌ನಂಥ ಖಾಸಗಿ ಕಂಪನಿಗಳಿಗೆ ವಹಿಸಿವೆ. ಅರ್ಜಿ ಅವರದು, ಕೌಂಟರ್ ಅವರದು, ಶುಲ್ಕವೂ ಅವರದು. ಪೂರ್ತಿ ತೆರಿಗೆಗೂ ಕೈಗೆ ಬರುವ ಮೊತ್ತಕ್ಕೂ ನಡುವಿನ ವ್ಯತ್ಯಾಸ ಈ ಸೇವೆಯ ಹೆಸರಿನಲ್ಲಿ ಕರಗುತ್ತದೆ. ಪೂಜಾರಿಯೇ ಇಲ್ಲದ ಗುಡಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಒಬ್ಬನೇ ವ್ಯಾಪಾರಿಯಿಂದ 300 ಡಾಲರಿಗೆ ಕಡಿಮೆಯಿಲ್ಲದಂತೆ ಕೊಂಡು, 60 ದಿನದೊಳಗೆ ದೇಶ ಬಿಟ್ಟು ಹೊರಡುವಾಗ ವಿಮಾನ ನಿಲ್ದಾಣದ ಸರ್ಕಾರಿ ಕೌಂಟರಿನಲ್ಲಿ ಬಿಲ್ಲು ತೋರಿಸಿದರೆ ಶೇ 10ರ ಜಿಎಸ್‌ಟಿ ಪೂರ್ತಿಯಾಗಿ ಮರಳುತ್ತದೆ. 330 ಡಾಲರಿನ ಬಿಲ್ಲಿಗೆ ಸರಿಯಾಗಿ 30 ಡಾಲರ್. ಮೆಲ್ಬರ್ನಿನಲ್ಲೇ ನೆಲೆಸಿರುವ ಕನ್ನಡಿಗರೂ ಊರಿಗೆ ಉಡುಗೊರೆ ಒಯ್ಯುವಾಗ ಇದನ್ನು ಪಡೆಯಬಹುದು. ಸರ್ಕಾರ ಮನಸ್ಸು ಮಾಡಿದರೆ ಮಧ್ಯವರ್ತಿಯ ಅಗತ್ಯವಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಎರಡನೆಯ ತಡೆಗೋಡೆ ಕನಿಷ್ಠ ಖರೀದಿಯ ಮೊತ್ತ. ಫ್ರಾನ್ಸಿನಲ್ಲಿ ಬಿಲ್ಲು 100 ಯೂರೋ ದಾಟಿರಬೇಕು, ಜರ್ಮನಿಯಲ್ಲಿ 50. ಇಟಲಿ ಬಹುಕಾಲ 154 ಯೂರೋ ಚಿಲ್ಲರೆಯ ಮೇಲೆ ಕೂತಿತ್ತು, 2024ರಲ್ಲಿ 70ಕ್ಕೆ ಇಳಿಸಿತು. ಸಿಂಗಪುರದಲ್ಲಿ 100 ಡಾಲರ್, ಥಾಯ್ಲೆಂಡಿನಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್. ಸಣ್ಣಪುಟ್ಟ ಬಿಲ್ಲುಗಳನ್ನು ಪರಿಶೀಲಿಸುವ ಖರ್ಚೇ ಹೆಚ್ಚಾಗುತ್ತದೆ ಎಂಬುದು ಇದಕ್ಕೆ ಕೊಡುವ ಸಮಜಾಯಿಷಿ. ಅಂಗಡಿಯೊಳಗೆ ಅದು ಬೇರೆಯೇ ಕೆಲಸ ಮಾಡುತ್ತದೆ. 85 ಯೂರೋ ಬಿಲ್ಲು ಹಿಡಿದು ನಿಂತವರಿಗೆ ‘ಇನ್ನು ಸ್ವಲ್ಪ ತಗೊಂಡರೆ ತೆರಿಗೆ ವಾಪಸ್’ ಎಂದರೆ ಸಾಕು, ಬೇಡದ ಸುಗಂಧದ ಸೀಸೆಯೊಂದು ಬುಟ್ಟಿಗೆ ಬೀಳುತ್ತದೆ. ಹತ್ತು ಯೂರೋ ಉಳಿಸಲು ಇಪ್ಪತ್ತು ಯೂರೋ ಕಳೆಯುವ ಈ ಜಾಣತನ ಜಗತ್ತಿನ ಎಲ್ಲ ಮಾರುಕಟ್ಟೆಗಳಿಗೂ ಗೊತ್ತು. ಐಷಾರಾಮಿ ಕೈಗಡಿಯಾರ ಕೊಂಡವನಿಗೆ ಮಿತಿಯ ಚಿಂತೆಯೇ ಇಲ್ಲ. ಮೊಮ್ಮಕ್ಕಳಿಗೆ ನಾಲ್ಕು ಅಂಗಡಿಯಲ್ಲಿ ನಾಲ್ಕು ಸಣ್ಣ ವಸ್ತು ಕೊಂಡ ನಿವೃತ್ತ ಮೇಷ್ಟ್ರಿಗೆ ಒಂದು ಸೆಂಟೂ ಮರಳದು. ಇಬ್ಬರೂ ಕೊಟ್ಟದ್ದು ಅದೇ ದರದ ತೆರಿಗೆ, ಇಬ್ಬರ ವಸ್ತುವೂ ದೇಶ ಬಿಟ್ಟಿತು. 2018ರಲ್ಲಿ ಸ್ಪೇನ್ ಕನಿಷ್ಠ ಮಿತಿಯನ್ನೇ ಕಿತ್ತುಹಾಕಿತು. ನ್ಯಾಯ ಸ್ಪೇನಿನ ಕಡೆಗಿದೆ.

ಮೂರನೆಯದು ವಿಧಿವಿಧಾನ. ದುಡ್ಡು ಕಳೆದುಕೊಳ್ಳುವವರಲ್ಲಿ ಬಹಳ ಮಂದಿ ಮುಗ್ಗರಿಸುವುದು ಇಲ್ಲೇ. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಅರ್ಜಿ ಬರೆಸಿಕೊಳ್ಳದಿದ್ದರೆ ಮುಂದಿನ ದಾರಿಯೇ ಇಲ್ಲ. ಬರೀ ಬಿಲ್ಲು ಹಿಡಿದು ವಿಮಾನ ನಿಲ್ದಾಣಕ್ಕೆ ಹೋದರೆ ಯಾರೂ ಮಾತಾಡಿಸರು. ವಸ್ತು ಬಳಸದೆ ಇರಬೇಕು, ಕೇಳಿದರೆ ತೋರಿಸಬೇಕು. ಆದ್ದರಿಂದ ಅರ್ಜಿಯ ಮೇಲೆ ಕಸ್ಟಮ್ಸ್ ಮುದ್ರೆ ಬೀಳುವ ಮೊದಲು ಸೂಟ್‌ಕೇಸನ್ನು ವಿಮಾನಕ್ಕೆ ಒಪ್ಪಿಸಬಾರದು. ಫ್ರಾನ್ಸಿನಲ್ಲಿ ಮುದ್ರೆಯ ಕೆಲಸವನ್ನು ಪಾಬ್ಲೋ ಎಂಬ ಯಂತ್ರ ಮಾಡುತ್ತದೆ, ಸಿಂಗಪುರದ ಚಾಂಗಿಯಲ್ಲಿಯೂ ಯಂತ್ರವೇ. ಆದರೂ ಸಾಲು ಇರುತ್ತದೆ, ಗಂಟೆ ಮೊದಲೇ ಹೋಗಬೇಕು. ದುಡ್ಡನ್ನು ಅಲ್ಲೇ ನೋಟಾಗಿ ಪಡೆದರೆ ಹಲವು ಕಡೆ ಇನ್ನೊಂದು ಶುಲ್ಕ. ರೂಪಾಯಿಯಲ್ಲೇ ಕೊಡುತ್ತೇವೆ ಎಂದು ನಗುನಗುತ್ತ ಹೇಳಿದರೆ ವಿನಿಮಯ ದರದಲ್ಲಿ ಮತ್ತೊಂದು ಕತ್ತರಿ. ತಡವಾದರೂ ಕಾರ್ಡಿಗೆ ಹಾಕಿಸಿಕೊಳ್ಳುವುದೇ ಮೇಲು.

ನಮ್ಮವರು ಹೆಚ್ಚಾಗಿ ಹೋಗುವ ಗುಂಪು ಪ್ರವಾಸಗಳಲ್ಲಿ ಇನ್ನೂ ಒಂದು ತೊಡಕಿದೆ. ಯುರೋಪಿಯನ್ ಒಕ್ಕೂಟದ ಯಾವ ದೇಶದಲ್ಲಿ ಕೊಂಡರೂ ಮುದ್ರೆ ಹಾಕಿಸಬೇಕಾದದ್ದು ಒಕ್ಕೂಟವನ್ನು ಬಿಟ್ಟು ಹೊರಡುವ ಕೊನೆಯ ಜಾಗದಲ್ಲಿ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಪ್ಯಾರಿಸ್ಸಿನಲ್ಲಿ ಕೊಂಡು, ಬಸ್ಸಿನಲ್ಲಿ ಆಲ್ಪ್ಸ್ ನೋಡಿ, ರೋಮಿನಿಂದ ವಿಮಾನ ಹತ್ತುವವರು ರೋಮಿನಲ್ಲಿ ಮುದ್ರೆ ಹಾಕಿಸಬಹುದು. ಪ್ರವಾಸ ಜ್ಯೂರಿಕ್‌ನಲ್ಲೇ ಮುಗಿದರೆ ಮುದ್ರೆ ಬೀಳಬೇಕಾದದ್ದು ಹಿಂದೆ ಉಳಿದ ಗಡಿಯಲ್ಲಿ, ಅಲ್ಲಿ ಬಸ್ಸು ನಿಂತಿರುವುದಿಲ್ಲ. ರೋಮಿನಿಂದ ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಬರುವವರು, ಪೆಟ್ಟಿಗೆಯನ್ನು ನೇರ ಬೆಂಗಳೂರಿಗೆ ಕಳಿಸುವುದಿದ್ದರೆ ರೋಮಿನಲ್ಲಿ, ವಸ್ತು ಕೈಚೀಲದಲ್ಲಿದ್ದರೆ ಫ್ರಾಂಕ್‌ಫರ್ಟಿನಲ್ಲಿ ತೋರಿಸಬೇಕು. ಸಿಂಗಪುರದಲ್ಲಿ ಕೊಂಡು ಬಸ್ಸು ಹತ್ತಿ ಮಲೇಷ್ಯಾಕ್ಕೆ ಹೋದವರಿಗೆ ಏನೂ ಸಿಗದು, ಏಕೆಂದರೆ ಅಲ್ಲಿನ ಯೋಜನೆ ರಸ್ತೆಯಲ್ಲಿ ಹೊರಡುವವರಿಗೆ ಅನ್ವಯಿಸುವುದಿಲ್ಲ. ಪ್ರವಾಸದ ಏಜೆಂಟರು ತಿಂಡಿಯ ಪಟ್ಟಿಯನ್ನು ವಿವರವಾಗಿ ಕೊಡುತ್ತಾರೆ. ಇದನ್ನೂ ಒಂದು ಸಾಲು ಬರೆದುಕೊಟ್ಟರೆ ಉಪಕಾರವಾದೀತು.

ಅರ್ಹತೆಯ ಮಾತೂ ಇದೆ. ಆಸ್ಟ್ರೇಲಿಯಾದಂಥ ಅಪವಾದ ಬಿಟ್ಟರೆ, ಆ ದೇಶದಲ್ಲಿ ವಾಸವಿಲ್ಲದವರಿಗೆ ಮಾತ್ರ ಈ ಸೌಲಭ್ಯ. ದುಬೈನಲ್ಲಿ ದುಡಿಯುವ ಉಡುಪಿಯ ಮಗನಿಗೆ ಇಲ್ಲ, ಅವನನ್ನು ನೋಡಲು ಹೋದ ಅಪ್ಪ ಅಮ್ಮನಿಗೆ ಉಂಟು. ಹಾಗೆಂದು ಮಗ ತನಗೆ ಕೊಂಡ ಫೋನನ್ನು ಅಮ್ಮನ ಪಾಸ್‌ಪೋರ್ಟಿನಲ್ಲಿ ಬರೆಸಿ, ಅಮ್ಮ ಮುದ್ರೆ ಹಾಕಿಸಿದ ಮೇಲೆ ಫೋನು ಅಲ್ಲೇ ಉಳಿದರೆ ಅದು ಚಮತ್ಕಾರವಲ್ಲ, ವಂಚನೆ. ಇಂಥ ಆಟಕ್ಕೆ ಬೇಸತ್ತೇ ಜಪಾನ್ ನಿಯಮ ಬದಲಿಸಿತು. ಅಲ್ಲಿ ಅಂಗಡಿಯಲ್ಲೇ ತೆರಿಗೆ ಬಿಟ್ಟು ಮಾರುವ ಉದಾರ ಪದ್ಧತಿಯಿತ್ತು. ಹಾಗೆ ಕೊಂಡದ್ದನ್ನು ದೇಶದೊಳಗೇ ಮಾರಿ ಲಾಭ ಮಾಡುವವರು ಹೆಚ್ಚಿದ್ದರಿಂದ, 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಕಟ್ಟಿ, ಹೊರಡುವಾಗ ವಾಪಸ್ ಪಡೆಯುವ ಪದ್ಧತಿಗೆ ಹೋಗಲು ತೀರ್ಮಾನಿಸಿತು. ಕೆಲವರ ಕಳ್ಳಾಟಕ್ಕೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಅಮೆರಿಕದ ಮಾತೇ ಬೇರೆ: ಅಲ್ಲಿರುವುದು ರಾಜ್ಯಗಳ ಮಾರಾಟ ತೆರಿಗೆ, ಅದನ್ನು ಪ್ರವಾಸಿಗೆ ಮರಳಿಸುವ ದೇಶವ್ಯಾಪಿ ವ್ಯವಸ್ಥೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಲೆಚೀಟಿಯ ಮೇಲೆ ಕಾಣದ ತೆರಿಗೆ ಗಲ್ಲಾದಲ್ಲಿ ಸೇರಿಕೊಳ್ಳುತ್ತದೆ. ಪಕ್ಕದ ಆರೆಗಾನಿನಲ್ಲಿ ಮಾರಾಟ ತೆರಿಗೆಯೇ ಇಲ್ಲ.

ಇಷ್ಟೆಲ್ಲ ಗೆದ್ದು ಬಂದವರಿಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೊನೆಯ ಪರೀಕ್ಷೆ. ಅಲ್ಲಿ ತೆರಿಗೆ ಬಿಟ್ಟದ್ದು ವಸ್ತು ಇಲ್ಲಿ ಬಳಕೆಯಾಗುತ್ತದೆ ಎಂಬ ಕಾರಣಕ್ಕೆ. ಆದ್ದರಿಂದ ಇಲ್ಲಿ ಸುಂಕ ಕೇಳುವುದೂ ಅದೇ ತರ್ಕ. ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಸರಕಿಗೆ 2016ರ ಬ್ಯಾಗೇಜ್ ನಿಯಮಗಳು 50,000 ರೂಪಾಯಿಯ ಮಿತಿ ಹಾಕಿದ್ದವು. ಇಂಥ ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ, ಹೊರಡುವ ಮುನ್ನ ನೋಡಿಕೊಳ್ಳುವುದು ಲೇಸು. ಪ್ಯಾರಿಸ್ಸಿನಲ್ಲಿ ಹೆಮ್ಮೆಯಿಂದ ತೋರಿಸಿದ ಬಿಲ್ಲನ್ನು ಬೆಂಗಳೂರಿನಲ್ಲಿ ಮರೆತೆ ಎನ್ನುವುದು ನ್ಯಾಯವಲ್ಲ.

ಮರುಪಾವತಿಯೇ ಬೇಡ ಎಂದ ದೇಶವೂ ಇದೆ. ಬ್ರಿಟನ್ 2021ರ ಜನವರಿ 1ರಿಂದ ಇದನ್ನು ನಿಲ್ಲಿಸಿತು, ಉತ್ತರ ಐರ್ಲೆಂಡಿನಲ್ಲಷ್ಟೇ ಉಳಿಸಿತು. 2022ರ ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಮತ್ತೆ ತರುವುದಾಗಿ ಸಾರಿದರು. ಅಕ್ಟೋಬರಿನಲ್ಲಿ ಅವರ ಜಾಗಕ್ಕೆ ಬಂದ ಜೆರೆಮಿ ಹಂಟ್ ಅದನ್ನು ಕೈಬಿಟ್ಟರು. ಶ್ರೀಮಂತ ಪ್ರವಾಸಿಗೆ ಬೊಕ್ಕಸದಿಂದ ಯಾಕೆ ಕೊಡಬೇಕು ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಅದೇ ಅಂಗಡಿ ಅದೇ ಕೋಟನ್ನು ಪಾರ್ಸಲ್ ಮಾಡಿ ಹೊರದೇಶಕ್ಕೆ ಕಳಿಸಿದರೆ ಬ್ರಿಟನ್ ಈಗಲೂ ವ್ಯಾಟ್ ಕೇಳುವುದಿಲ್ಲ. ಹಾಗಾದರೆ ತಕರಾರು ಶ್ರೀಮಂತಿಕೆಯ ಬಗ್ಗೆಯೋ, ಸೂಟ್‌ಕೇಸಿನ ಬಗ್ಗೆಯೋ?

ಇದೇ ಪ್ರಶ್ನೆಯನ್ನು ನಮ್ಮ ಸರ್ಕಾರಕ್ಕೂ ಕೇಳಬೇಕಾಗಿದೆ. 2017ರ ಸಮಗ್ರ ಜಿಎಸ್‌ಟಿ ಕಾಯ್ದೆಯ 15ನೆಯ ಕಲಂ ಏನು ಹೇಳುತ್ತದೆ? ಭಾರತ ಬಿಟ್ಟು ಹೊರಡುವ ವಿದೇಶಿ ಪ್ರವಾಸಿ ತನ್ನೊಂದಿಗೆ ಒಯ್ಯುವ ಸರಕಿನ ಮೇಲಿನ ತೆರಿಗೆಯನ್ನು ಮರಳಿಸಬೇಕು. ಪ್ರವಾಸಿ ಎಂದರೆ ಇಲ್ಲಿ ಸಾಮಾನ್ಯವಾಗಿ ವಾಸವಿಲ್ಲದ, ಆರು ತಿಂಗಳು ಮೀರದಂತೆ ಬಂದು ಹೋಗುವ ವ್ಯಕ್ತಿ ಎಂಬ ವಿವರಣೆಯೂ ಅಲ್ಲೇ ಇದೆ. ಆ ವರ್ಷದ ಜುಲೈ 1ರಂದು ಜಾರಿಗೆ ತಂದ ಕಲಂಗಳ ಪಟ್ಟಿಯಲ್ಲಿ 15 ಇರಲಿಲ್ಲ. ವರ್ಷಗಳು ಉರುಳಿದರೂ ಪ್ರವಾಸಿಗೆ ಕೌಂಟರ್ ತೆರೆದಿಲ್ಲ. ಕಂಟೇನರ್ ತುಂಬ ರೇಷ್ಮೆ ಕಳಿಸುವ ರಫ್ತುದಾರನಿಗೆ ಜಿಎಸ್‌ಟಿ ಮರುಪಾವತಿ ಇದೆ. ಮೈಸೂರಿನಲ್ಲಿ ಒಂದು ರೇಷ್ಮೆ ಸೀರೆ ಕೊಂಡು ಬರ್ಲಿನಿಗೆ ಒಯ್ಯುವವಳಿಗೆ ಇಲ್ಲ.

ನಮ್ಮ ಕರಕುಶಲ ವಸ್ತುಗಳಿಗೆ ತೆರಿಗೆಯೇ ಕಡಿಮೆ, ಶೇ 5ಕ್ಕಾಗಿ ಇಷ್ಟು ತಾಪತ್ರಯ ಯಾಕೆ ಎನ್ನುವವರಿದ್ದಾರೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವ್ಯಾಟ್ ಇರುವುದೇ ಶೇ 5. ಅದು 2018ರ ಜನವರಿಯಲ್ಲಿ ವ್ಯಾಟ್ ತಂದಿತು, ನವೆಂಬರಿನೊಳಗೆ ಪ್ರವಾಸಿಗಳಿಗೆ ಮರುಪಾವತಿ ಶುರುಮಾಡಿತು. ಶುರುವಿನಲ್ಲೇ 250 ದಿರ್ಹಂ ಕೊಂಡವರಿಗೂ ತೆರಿಗೆಯ ಶೇ 85 ಭಾಗ, ಅದರಲ್ಲಿ 4.80 ದಿರ್ಹಂ ಶುಲ್ಕ ಕಳೆದು, ವಾಪಸ್. ಆ ಲೆಕ್ಕವನ್ನೇ ಇಲ್ಲಿಗೆ ತಂದರೆ, 20,000 ರೂಪಾಯಿಯ ಮೈಸೂರು ಸಿಲ್ಕಿನ ಮೇಲೆ ಬೀಳುವ 1,000 ರೂಪಾಯಿ ಜಿಎಸ್‌ಟಿಯಲ್ಲಿ ಏಳುನೂರಕ್ಕೂ ಹೆಚ್ಚು ಮರಳುತ್ತದೆ. ಆ ದುಡ್ಡಲ್ಲಿ ಇನ್ನೊಂದು ಚನ್ನಪಟ್ಟಣದ ಗೊಂಬೆ ಬರುತ್ತದೆ. ಬಿಲ್ಲು ಬಿಲ್ಲಿಗೂ ಕಂಪ್ಯೂಟರಿನಲ್ಲಿ ಲೆಕ್ಕ ಇಡುತ್ತೇವೆ ಎಂದು ಎದೆಯುಬ್ಬಿಸುವ ಜಿಎಸ್‌ಟಿ ಜಾಲಕ್ಕೆ ಒಂದು ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವುದು ಆಗದ ಕೆಲಸವೇ? ನಕಲಿ ಬಿಲ್ಲಿನ ಭಯ ಸುಳ್ಳಲ್ಲ, ಆದರೆ ಆ ಭಯ ದೊಡ್ಡ ರಫ್ತುದಾರರ ವಿಷಯದಲ್ಲೂ ಇದೆ, ಅದಕ್ಕಾಗಿ ಅವರ ಮರುಪಾವತಿಯನ್ನು ಯಾರೂ ನಿಲ್ಲಿಸಿಲ್ಲ.

ಆದ್ದರಿಂದ ಬೇಡಿಕೆ ಹೊಸ ಕಾನೂನಿನದಲ್ಲ, ಇರುವುದನ್ನು ಜಾರಿಗೆ ತರುವುದು ಅಷ್ಟೇ. ತರುವಾಗ ಮೂರು ಪಾಠ ನೆನಪಿರಲಿ: ಕನಿಷ್ಠ ಮಿತಿಯ ವಿಷಯದಲ್ಲಿ ಸ್ಪೇನನ್ನು, ಶುಲ್ಕದ ವಿಷಯದಲ್ಲಿ ಆಸ್ಟ್ರೇಲಿಯಾವನ್ನು, ವೇಗದ ವಿಷಯದಲ್ಲಿ ದುಬೈಯನ್ನು ನೋಡಬೇಕು. ಹೊರದೇಶದ ಕೌಂಟರುಗಳಲ್ಲಿ ನಮ್ಮ ಜನ ಸಾಲುಗಟ್ಟಿ ಕೇಳುವ ಹಕ್ಕನ್ನು ನಮ್ಮಲ್ಲಿಗೆ ಬಂದವರಿಗೆ ಕಾಗದದ ಮೇಲೆ ಕೊಟ್ಟು ಕೈಯಲ್ಲಿ ಕೊಡದಿರುವುದು ಮರ್ಯಾದೆಯ ವ್ಯಾಪಾರವಲ್ಲ.