ವಿಶ್ವರಚನೆಯ ಶೋಧ ಮತ್ತು ಕನ್ನಡದ ಪರಿಭಾಷೆ

ದೆಹಲಿಯ ಉತ್ತರಕ್ಕೆ, ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯದ ಕುಲಪತಿ ಸ್ಥಾನಕ್ಕೆ 2023ರಲ್ಲಿ ಬಂದ ಸೋಮಕ್ ರಾಯಚೌಧುರಿ ಅವರು ಖಗೋಳಭೌತವಿಜ್ಞಾನಿಗಳು. ಗೆಲಾಕ್ಸಿಗಳು ವಿಶ್ವದಲ್ಲಿ ಹೇಗೆ ಗುಂಪುಗೂಡಿವೆ ಎಂಬುದು ಅವರ ಅಧ್ಯಯನದ ವಿಷಯ. ಕಲ್ಕತ್ತೆ, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ. ಅಮೆರಿಕ, ಇಂಗ್ಲೆಂಡುಗಳಲ್ಲಿ ಸಂಶೋಧನೆ. 2015ರಿಂದ ಪುಣೆಯ ಆಯುಕಾ ಸಂಸ್ಥೆಯ ನಿರ್ದೇಶಕತ್ವ. ಈ ಪಟ್ಟಿಗಿಂತ, ಅವರು ಪಾಲುಗೊಂಡ ಎರಡು ಶೋಧಗಳ ನಾಮಕರಣದ ಸಂಗತಿಯೇ ಭಾಷಾ ವಿಭಾಗದ ಸಂಪುಟದಲ್ಲಿ ಹೆಚ್ಚು ವಿವೇಚನಾರ್ಹವಾದುದು.

ಕ್ಷೀರಪಥವನ್ನೊಳಗೊಂಡ ಗೆಲಾಕ್ಸಿಗಳ ಬಳಗವು ಸೆಕೆಂಡಿಗೆ ಸುಮಾರು 600 ಕಿ.ಮೀ. ವೇಗದಲ್ಲಿ ಚಲಿಸುತ್ತಿದೆ. ಅದನ್ನು ಸೆಳೆಯುತ್ತಿರುವುದು ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದ ಕೇಂಬ್ರಿಜ್‌ನ ಸಂಶೋಧನ ವಿದ್ಯಾರ್ಥಿಗೆ ಆ ಸೆಳೆತದ ದಿಕ್ಕಿನಲ್ಲಿ, ಬಹುದೂರದಲ್ಲಿ, ಗೆಲಾಕ್ಸಿ ಗುಚ್ಛಗಳ ಅಸಾಧಾರಣ ದಟ್ಟಣೆಯೊಂದು ಕಂಡಿತು. 1989ರಲ್ಲಿ ಅದನ್ನು ಪ್ರಕಟಿಸುವಾಗ ಅವರು ಆಯ್ದ ಹೆಸರು ಹಾರ್ಲೊ ಷೇಪ್ಲಿಯದು. 1930ರ ದಶಕದ ಆರಂಭದಲ್ಲಿ ಷೇಪ್ಲಿ ಅದೇ ಎಡೆಯಲ್ಲಿ ಗೆಲಾಕ್ಸಿಗಳ ಸಾಂದ್ರತೆಯನ್ನು ಗುರುತಿಸಿದ್ದರು. ಪೂರ್ವಸೂರಿಗಳ ಸ್ಮರಣೆಯಿಂದ ಕೃತಿಯನ್ನು ಆರಂಭಿಸುವ ಕನ್ನಡ ಕವಿಗಳ ಪದ್ಧತಿಯನ್ನು ಬಲ್ಲವರಿಗೆ ಈ ನಡೆ ಅಪರಿಚಿತವೆನಿಸದು.

2017ರಲ್ಲಿ ಜಯದೀಪ್ ಬಾಗ್ಚಿ ಅವರ ನೇತೃತ್ವದ ತಂಡದಲ್ಲಿ ರಾಯಚೌಧುರಿ ಅವರೂ ಇದ್ದರು. ಮೀನ ರಾಶಿಯ ದಿಕ್ಕಿನಲ್ಲಿ, ಸುಮಾರು 400 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, 60 ಕೋಟಿ ಜ್ಯೋತಿರ್ವರ್ಷಗಳಷ್ಟು ಹರಡಿರುವ ಮಹಾಗುಚ್ಛವನ್ನು ಕಂಡ ಆ ತಂಡ ಅದನ್ನು ‘ಸರಸ್ವತಿ’ ಎಂದು ಕರೆಯಿತು.

ಹೆಸರೇನೋ ಕನ್ನಡದ ಕಿವಿಗೆ ಹತ್ತಿರದ್ದು. ಆದರೆ ಅದರ ವಿವರಣೆಯನ್ನು ಕನ್ನಡದಲ್ಲಿ ಬರೆಯಹೊರಟವನಿಗೆ ಮೊದಲ ವಾಕ್ಯದಲ್ಲೇ ತೊಡಕು. ಬರಿಗಣ್ಣಿಗೆ ಕಾಣುವ ತಾರೆಗಳ ಆಕೃತಿಗೂ ‘ನಕ್ಷತ್ರಪುಂಜ’, ಗೆಲಾಕ್ಸಿಗೂ ‘ನಕ್ಷತ್ರಪುಂಜ’ ಎನ್ನುವ ರೂಢಿಯುಂಟು. ಮೀನ ನಕ್ಷತ್ರಪುಂಜದಲ್ಲಿ ನಕ್ಷತ್ರಪುಂಜಗಳ ಗುಚ್ಛಗಳ ಮಹಾಗುಚ್ಛವಿದೆ ಎಂದರೆ ಓದುಗನಿಗೆ ದಕ್ಕುವುದೇನು? ಇಂಥಲ್ಲಿ ‘ಗೆಲಾಕ್ಸಿ’ಯನ್ನೇ ಉಳಿಸಿಕೊಳ್ಳುವುದು ಮೇಲು. ಮಡಿವಂತಿಕೆ ಅರ್ಥವನ್ನು ಕೆಡಿಸುವಷ್ಟು ಬೆಳೆಯಬಾರದು.

ಪದಕೋಶಗಳ ಸಮಿತಿಗಳು ಸಮಾನಪದಗಳನ್ನು ಒದಗಿಸಬಲ್ಲವೇ ಹೊರತು ಅವನ್ನು ಬಾಳಿಸಲಾರವು. ಗಣಿತದ ಅಧ್ಯಾಪಕರಾಗಿದ್ದ ಜಿ.ಟಿ. ನಾರಾಯಣರಾವ್ ಅವರು ಕೃಷ್ಣವಿವರಗಳನ್ನು ಕುರಿತು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದರು. ‘ಕೃಷ್ಣವಿವರ’ ಎಂಬ ಮಾತು ಇಂದು ಸಲೀಸಾಗಿ ಓದಿಸಿಕೊಳ್ಳುವುದಕ್ಕೆ ಅಂಥ ಬರವಣಿಗೆಯೇ ಕಾರಣ. ‘ಮಹಾಗುಚ್ಛ’ಕ್ಕೆ ಆ ಭಾಗ್ಯ ಇನ್ನೂ ಒದಗಿಲ್ಲ. ಕನ್ನಡದ ಮತ್ತು ಭೌತವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಬ್ಬರನ್ನು ಒಂದೇ ಮೇಜಿಗೆ ಕೂರಿಸಿ ಸರಸ್ವತಿಯನ್ನು ಕುರಿತು ನಾಲ್ಕು ಪುಟ ಬರೆಸಿದರೆ, ಯಾವ ಪದ ನಿಲ್ಲಬೇಕು, ಯಾವುದು ಹೋಗಬೇಕು ಎಂಬ ಜಗಳ ಅಲ್ಲಿಯೇ ಆರಂಭವಾದೀತು.