ಪಾಂಡವರಿಗೆ ಮನೆ ಕೊಟ್ಟವನಿಗೆ ಪಾಂಡವಪುರದಲ್ಲಿ ಮಣ್ಣಿಲ್ಲವೇ?

ಪಾಂಡವಪುರ: ಈ ಊರಿಗೆ ಹೆಸರುಗಳಿಗೇನು ಬರಗಾಲವಿಲ್ಲ. ಹಳಬರಿಗೆ ಇದು ಹಿರೋಡೆ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಡೇರೆ ಹಾಕಿದ್ದರಿಂದ ಬ್ರಿಟಿಷರ ಕಾಗದಪತ್ರಗಳಲ್ಲಿ ಫ್ರೆಂಚ್ ರಾಕ್ಸ್. ಕೊನೆಗೆ ಕುಂತಿಬೆಟ್ಟದ ಕಥೆ ಹಿಡಿದು ಪಾಂಡವಪುರ ಆಯಿತು. ಪಾಂಡವರು ಇಲ್ಲಿಗೆ ಬಂದಿದ್ದರೋ ಇಲ್ಲವೋ, ಹೆಸರಂತೂ ಬೋರ್ಡಿನ ಮೇಲೆ ನಿಂತಿದೆ.

ಆದರೆ ಮಹಾಭಾರತದ ಒಂದು ಮಾತು ಊರಿನವರಿಗೆ ಮರೆತಂತಿದೆ. ಅರಗಿನ ಮನೆ ಸುಟ್ಟು, ಏಕಚಕ್ರಪುರದಲ್ಲಿ ಭಿಕ್ಷೆ ಬೇಡಿ, ದ್ರೌಪದಿಯ ಸ್ವಯಂವರಕ್ಕೆಂದು ಪಾಂಚಾಲಕ್ಕೆ ಬಂದಾಗ ಪಾಂಡವರು ತಂಗಿದ್ದು ಯಾವ ಅರಮನೆಯಲ್ಲೂ ಅಲ್ಲ, ಕುಂಬಾರನ ಮನೆಯಲ್ಲಿ. ದ್ರೌಪದಿಯನ್ನು ಕರೆದುಕೊಂಡು ಬಂದ ಮಕ್ಕಳಿಗೆ, ತಿರುಗಿ ಕೂಡ ನೋಡದೆ ಕುಂತಿ "ತಂದದ್ದನ್ನ ಎಲ್ಲಾರೂ ಹಂಚ್ಕೊಳ್ಳಿ" ಅಂದದ್ದು ಆ ಕುಂಬಾರನ ಮನೆಯೊಳಗಿಂದಲೇ. ರಾಜರೆಲ್ಲ ಕೈಬಿಟ್ಟ ಕಾಲದಲ್ಲಿ ಜಾಗ ಕೊಟ್ಟವನು ಮಡಕೆ ಮಾಡುವವನು.

ಆ ಕುಂಬಾರನ ಕುಲದವರು ಇವತ್ತು ಪಾಂಡವರ ಹೆಸರಿನ ತಾಲ್ಲೂಕಿನಲ್ಲಿ ಹೇಗಿದ್ದಾರೆ? ಅದೇ ಪ್ರಶ್ನೆ.

ಆವಿಗೆಯಲ್ಲಿ ಹೊಗೆ ಇಲ್ಲ

ಒಂದು ಕಾಲಕ್ಕೆ ನಮ್ಮ ಕಡೆ ಕುಂಬಾರನಿಲ್ಲದೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಮದುವೆಗೆ ಐರಣೆ ಮಡಕೆ ತರಲು ವಾದ್ಯದ ಸಮೇತ ಕುಂಬಾರಗೇರಿಗೆ ಹೋಗುತ್ತಿದ್ದರು. ಸ್ಮಶಾನಕ್ಕೆ ಹೊರುವ ಗಡಿಗೆಯೂ ಅಲ್ಲಿಯದೇ. ನಡುವಿನ ಬದುಕಿಗೆ ಹರವಿ, ಗುಡಾಣ, ವಾಡೆ, ಬಾನಿ, ಮೊಸರು ಕುಡಿಕೆ, ಹಣತೆ, ಹೆಂಚು. ಕೊಟ್ಟವನಿಗೆ ಸುಗ್ಗಿಯಲ್ಲಿ ಇಂತಿಷ್ಟು ರಾಗಿ, ಭತ್ತ. ಲೆಕ್ಕದ ಪುಸ್ತಕವಿರಲಿಲ್ಲ, ಮೋಸವೂ ಅಷ್ಟಾಗಿರಲಿಲ್ಲ.

ಆಮೇಲೆ ಅಲ್ಯೂಮಿನಿಯಂ ಬಂತು, ಅದರ ಹಿಂದೆ ಸ್ಟೀಲು, ಅದರ ಹಿಂದೆ ಪ್ಲಾಸ್ಟಿಕ್ ಕೊಡ, ಕೊನೆಗೆ ಫ್ರಿಜ್ಜು. ಬಿದ್ದರೂ ಒಡೆಯದ ಪಾತ್ರೆ ಕೈಗೆ ಬಂದ ಮೇಲೆ ಮಡಕೆಗೆ ಯಾರು ಬಂದಾರು? ಹೆಂಗಸರು ತಲೆ ಮೇಲೆ ಹೊತ್ತು ನೀರು ತರುವಾಗ ಹಗುರದ ಕೊಡ ಹಿಡಿದರೆ ತಪ್ಪೇನು? ತಪ್ಪಿಲ್ಲ. ಕಾಲ ಬದಲಾಯಿತು, ಸರಿ.

ತಾಲ್ಲೂಕಿನ ಒಂದು ಹಳ್ಳಿಯ ಕುಂಬಾರಗೇರಿಯಲ್ಲಿ ಕೂತಿರುವ ಮುದುಕನ ಮಾತು ಕೇಳಿ. "ಗಿರಾಕಿ ಇಲ್ಲ ಅಂತ ಅಳಾಕಿಲ್ಲ ಸ್ವಾಮಿ. ಬ್ಯಾಸ್ಗೇಲಿ ಈಗ್ಲೂ ಮಡಕೆ ಕೇಳ್ಕಂಡ್ ಬತ್ತರೆ. ಮಣ್ಣೇ ಇಲ್ದೆ ಮಡಕೆ ಮಾಡು ಅಂದ್ರೆ ಎಲ್ಲಿಂದ ಮಾಡನ? ಮಕ್ಳು ಗಾರ್ಮೆಂಟ್ಸ್‌ಗೆ ಹೋಯ್ತವೆ. ತಿಗರಿ ಮೂಲೇಲಿ ಬಿದ್ದದೆ."

ಬೆಂಗಳೂರಿನಲ್ಲಿ ಅದೇ ತಿಗರಿಗೆ ಕ್ಯೂ!

ಇನ್ನೊಂದು ಕಡೆ ನೋಡಿದರೆ ತಮಾಷೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯ ಹುಡುಗ ಹುಡುಗಿಯರು ಭಾನುವಾರ ದುಡ್ಡು ಕೊಟ್ಟು, ಮುಂಗಡ ಹೆಸರು ಬರೆಸಿ, ಮಣ್ಣು ಕಲಸಲು ಹೋಗುತ್ತಾರೆ. ಇವರಿಗೆ ಕಲಿಸುವವರು ಸ್ಟುಡಿಯೋ ಪಾಟರ್‌ಗಳು. ಅಂದರೆ ಕಾರ್ಖಾನೆ ಇಲ್ಲದೆ, ಸ್ವಂತ ಚಕ್ರ, ಸ್ವಂತ ಗೂಡು ಇಟ್ಟುಕೊಂಡು ಒಂದೊಂದೇ ಪಾತ್ರೆ ಕೈಯಿಂದ ಮಾಡುವ ಕಲಾವಿದರು. ಅಲ್ಲಿ ಒಂದು ಕಾಫಿ ಬಟ್ಟಲಿಗೆ ಐನೂರು, ಆರುನೂರು ರೂಪಾಯಿ ಹೇಳುತ್ತಾರೆ. ಇಲ್ಲಿ ಸಂತೆಯಲ್ಲಿ ಎರಡು ಬಿಂದಿಗೆ ನೀರು ಹಿಡಿಯುವ ಮಡಕೆಗೆ ಇನ್ನೂರು ಅಂದರೆ "ಏನಯ್ಯಾ, ಚಿನ್ನದ್ದಾ?" ಅನ್ನುತ್ತಾರೆ.

ಹಾಗಾದರೆ ಬೆಂಗಳೂರಿನವರದು ಹಗಲು ದರೋಡೆಯೇ? ಹಾಗೆ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಆದರೆ ಅದು ನಿಜವಲ್ಲ. ಕೆಲಸ ಏನೆಂದು ಮೊದಲು ತಿಳಿಯಬೇಕು.

ಕೈಯಿಂದ ಮಣ್ಣಿಗೆ ರೂಪ ಕೊಡುವ ದಾರಿ ಮುಖ್ಯವಾಗಿ ನಾಲ್ಕೈದು. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಚಿವುಟುತ್ತಾ ಬಟ್ಟಲು ಮಾಡುವುದು ಒಂದು. ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತಿ ಸುತ್ತಿ ಏರಿಸುವುದು ಇನ್ನೊಂದು. ಚಪಾತಿಯಂತೆ ಲಟ್ಟಿಸಿ ಹಲಗೆ ಜೋಡಿಸಿ ಅಂಟಿಸುವುದು ಮೂರನೆಯದು. ಚಕ್ರದ ಮೇಲೆ ಎತ್ತುವುದು ನಾಲ್ಕನೆಯದು. ತೆಳ್ಳಗೆ ಕದಡಿದ ಮಣ್ಣನ್ನು ಪ್ಲಾಸ್ಟರ್ ಅಚ್ಚಿಗೆ ಹುಯ್ಯುವುದು ಐದನೆಯದು. ಇವುಗಳಲ್ಲಿ ಚಕ್ರಕ್ಕಿಂತ ಹಳೆಯವು ಬರಿಗೈ ಕೆಲಸಗಳು. ಕಾವೇರಿ ಕಪಿಲೆ ಕೂಡುವ ತಿ. ನರಸೀಪುರದಲ್ಲಿ ಪುರಾತತ್ವದವರು ಅಗೆದಾಗ ನವಶಿಲಾಯುಗದ ಮಡಕೆಗಳೇ ಸಿಕ್ಕಿವೆ. ನಮ್ಮ ನೀರಿನ ಜನಕ್ಕೆ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ.

ರೂಪ ಕೊಟ್ಟರೆ ಅರ್ಧ ಕೆಲಸ. ಉಳಿದರ್ಧ ಬೆಂಕಿಯದು. ನಮ್ಮ ಆವಿಗೆ ಹುಲ್ಲು, ಬೆರಣಿ, ತೆಂಗಿನ ಮಟ್ಟೆ ಉರಿಸಿ ಸುಮಾರು 700ರಿಂದ 900 ಡಿಗ್ರಿ ಕಾಯುತ್ತದೆ. ಈ ಶಾಖದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಸಣ್ಣ ರಂಧ್ರಗಳು ಉಳಿಯುತ್ತವೆ. ಆ ರಂಧ್ರದಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಮಡಕೆ ನೀರು ತಣ್ಣಗಿರುವುದು. ಸ್ಟುಡಿಯೋದವರು ಬೇರೆ ಜಾತಿಯ ಮಣ್ಣು ತಂದು ಗ್ಯಾಸು ಇಲ್ಲವೇ ಕರೆಂಟಿನ ಗೂಡಿನಲ್ಲಿ 1200 ಡಿಗ್ರಿ ದಾಟಿಸುತ್ತಾರೆ. ಆಗ ಮಣ್ಣು ಕಲ್ಲಿನಂತಾಗಿ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ. ಒಮ್ಮೆ ಹದವಾಗಿ ಸುಟ್ಟು, ಗಾಜಿನಂಥ ಲೇಪ ಬಳಿದು, ಮತ್ತೊಮ್ಮೆ ಸುಡಬೇಕು. ಲೇಪದಲ್ಲಿ ಸ್ವಲ್ಪ ಕಬ್ಬಿಣದ ಅಂಶವಿದ್ದರೆ ಗೂಡಿನ ಗಾಳಿಗೆ ತಕ್ಕಂತೆ ಹಸಿರೋ ಕಂದೋ ಆಗುತ್ತದೆ. ಜಪಾನಿನ ಟೀ ಬಟ್ಟಲಿನಿಂದ ಬಂದ ರಾಕು ಅನ್ನುವ ವಿಧಾನದಲ್ಲಂತೂ ಕೆಂಡದಂತಿರುವ ಪಾತ್ರೆಯನ್ನು ಇಕ್ಕಳದಲ್ಲಿ ಹೊರಗೆಳೆಯುತ್ತಾರೆ. ಇಂದಿನ ಸ್ಟುಡಿಯೋಗಳಲ್ಲಿ ಅದನ್ನು ಮರದ ಹೊಟ್ಟಿನಲ್ಲಿ ಮುಚ್ಚಿಡುತ್ತಾರೆ. ಎಷ್ಟು ಒಡೆಯುತ್ತದೋ ಆ ದೇವರಿಗೇ ಗೊತ್ತು. ಗ್ಯಾಸಿನ ದುಡ್ಡು, ಒಡೆದದ್ದರ ದುಡ್ಡು ಎಲ್ಲ ಆ ಆರುನೂರರಲ್ಲಿ ಸೇರಿರುತ್ತದೆ.

ಸರಿ, ನಮ್ಮವನದು ಕಡಿಮೆ ವಿದ್ಯೆಯೇ? ಅದೂ ಅಲ್ಲ. ದೊಡ್ಡ ಹರವಿಯನ್ನು ತಿಗರಿ ಮೇಲೆ ಪೂರ್ತಿ ಎತ್ತಲಾಗದು. ಕಂಠ ಮಾತ್ರ ತಿದ್ದಿ, ತಳವಿಲ್ಲದೆ ಕೊಯ್ದಿಟ್ಟು, ಅರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗೆ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬೆಳೆಸಿ ತಳ ಕೂಡಿಸುತ್ತಾನೆ. ಕಾಗದದ ಮೇಲೆ ಗೆರೆಯಿಲ್ಲ, ಅಳತೆಗೋಲಿಲ್ಲ, ಕಿವಿಯಲ್ಲೇ ದಪ್ಪ ತಿಳಿಯುತ್ತಾನೆ. ಆವಿಗೆಯಲ್ಲಿ ಗಾಳಿ ಆಡಿದರೆ ಕೆಂಪು ಮಡಕೆ, ಹೊಗೆ ಕಟ್ಟಿದರೆ ಕಪ್ಪು ಮಡಕೆ. ಇದೇ ಸಂಗತಿಯನ್ನು ಸ್ಟುಡಿಯೋದಲ್ಲಿ ಪುಸ್ತಕ ನೋಡಿ ಕಲಿಯುತ್ತಾರೆ. ಉರಿಯನ್ನು ಅವಸರದಲ್ಲಿ ಏರಿಸಿದರೆ ಮಣ್ಣಿನೊಳಗಿನ ನೀರು ಆವಿಯಾಗಿ ಸಿಡಿಯುತ್ತದೆ. 573 ಡಿಗ್ರಿಯ ಹತ್ತಿರ ಮರಳಿನ ಕಣ ಹಿಗ್ಗುವಾಗ ಮತ್ತೆ ಬಿರುಕಿನ ಭಯ. ನಮ್ಮ ಮುದುಕನಿಗೆ 573 ಗೊತ್ತಿಲ್ಲ. ಆದರೆ ಯಾವ ಜಾವದಲ್ಲಿ ಹುಲ್ಲು ತಡೆಯಬೇಕೆಂದು ಗೊತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಸುಮ್ಮನೆ ಹುಟ್ಟಿತೇ?

ಒಬ್ಬ ಕಲಾವಿದ, ಇನ್ನೊಬ್ಬ ಕುಂಬಾರ. ಬೆಲೆಯ ವ್ಯತ್ಯಾಸದಲ್ಲಿ ಒಂದು ಪಾಲು ಗೂಡಿನದು, ಲೇಪದ್ದು. ಇನ್ನೊಂದು ಪಾಲು ಈ ಹೆಸರಿನದು. ಅದನ್ನು ಬಾಯಿಬಿಟ್ಟು ಹೇಳಬೇಕು.

ಬೇರೆ ಊರಿನವರು ಮಾಡಿದ್ದು

ಗೂಡು ಕೊಟ್ಟರೆ, ಕಲಿಸಿದರೆ ಊರು ಬದಲಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕೆ? ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನಮ್ಮೂರಿನ ಎಷ್ಟೋ ಮಾಡುಗಳ ಮೇಲೆ ಇವತ್ತಿಗೂ ಮಂಗಳೂರು ಹೆಂಚಿದೆ. ಮೈಸೂರು ಸಂಸ್ಥಾನದ ಸರ್ಕಾರ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ತೆರೆಯಿತು. ಅದು ಮುಂದೆ 1976ರಲ್ಲಿ ಬಿಎಚ್‌ಇಎಲ್ ಪಾಲಾಯಿತು. ಗುರುಚರಣ್ ಸಿಂಗ್ ಜಪಾನಿನಲ್ಲಿ ಕಲಿತು ಬಂದು 1952ರಲ್ಲಿ ದೆಹಲಿಯಲ್ಲಿ ಪಾಟರಿ ತೆರೆದರು. ಪಾಂಡಿಚೇರಿಯಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಎಂಬ ಅಮೆರಿಕದ ಇಬ್ಬರು 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಕಟ್ಟಿದರು. ಅಲ್ಲಿ ಕೂಲಿಗೆ ಬಂದ ತಮಿಳು ಹಳ್ಳಿಯವರೇ ಕೆಲಸ ಕಲಿತು ತಮ್ಮದೇ ಗೂಡು ಹಾಕಿಕೊಂಡರು. ನಮ್ಮ ರಾಜ್ಯದ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ನಡೆದಿದೆ.

ಮಂಡ್ಯ ಜಿಲ್ಲೆಗೆ ಅಣೆಕಟ್ಟು ಬಂತು, ನಾಲೆ ಬಂತು, ಸಕ್ಕರೆ ಕಾರ್ಖಾನೆ ಬಂತು. ಕಬ್ಬಿಗೆ ಬೆಲೆ ಕೇಳಲು ರಸ್ತೆಗಿಳಿಯುವ ಜನ ಇದ್ದಾರೆ, ಸಂಘ ಇದೆ. ಮಡಕೆಗೆ ಬೆಲೆ ಕೇಳಲು ನಾಲ್ಕು ಮನೆಯ ಕುಂಬಾರರು ರಸ್ತೆ ತಡೆದರೆ ಬಸ್ಸು ನಿಲ್ಲುತ್ತದೆಯೇ?

ಮಣ್ಣಿನ ಮಾತು

ಈಗ ಮುಖ್ಯ ವಿಷಯ. ಮಡಕೆಗೆ ಹೊಲದ ಮಣ್ಣು ಆಗದು. ಕೆರೆಯಂಗಳದ ಜಿಗುಟು ಮಣ್ಣೇ ಬೇಕು. ಕೆರೆ ಹೂಳೆತ್ತುವಾಗ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ತೋಟಕ್ಕೆ, ಲೇಔಟಿಗೆ, ಇಟ್ಟಿಗೆ ಗೂಡಿಗೆ ಮಣ್ಣು ಹೋಗುತ್ತದೆ. ಕುಂಬಾರ ವರ್ಷಕ್ಕೆ ಬೇಕಾದ ನಾಲ್ಕು ಗಾಡಿ ಮಣ್ಣಿಗೆ ಹೋದರೆ "ಪರ್ಮಿಶನ್ ಎಲ್ಲಯ್ಯಾ?" ದೊಡ್ಡವರಿಗೆ ಕೆರೆ, ಚಿಕ್ಕವನಿಗೆ ಕಾನೂನು!

ಆ ಕಾನೂನಾದರೂ ಏನು ಹೇಳುತ್ತದೆ? ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿಯ ಅಧಿಸೂಚನೆಯಲ್ಲೇ, ಕುಂಬಾರರು ತಮ್ಮ ಪದ್ಧತಿಯಂತೆ ಮಡಕೆ, ದೀಪ, ಆಟಿಕೆಗೆಂದು ಕೈಯಿಂದ ಅಗೆದು ತೆಗೆಯುವ ಮಣ್ಣಿಗೆ ಪರಿಸರ ಅನುಮತಿ ಬೇಕಿಲ್ಲ ಎಂದಿದೆ. ಹಾಗೆಂದು ಕೆರೆ ಕುಂಬಾರನ ಸ್ವಂತ ಆಸ್ತಿಯಾಗದು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಬೇಕು, ಏರಿ ಹತ್ತಿರ ಅಗೆಯಬಾರದು. ಆದರೆ ಕೇಳಲು ಬಂದವನನ್ನು ಕಳ್ಳನಂತೆ ನೋಡುವುದು ಯಾವ ನ್ಯಾಯ?

ಫೆಬ್ರವರಿ 20ಕ್ಕೆ ಸರ್ಕಾರಿ ಲೆಕ್ಕದಲ್ಲಿ ಸರ್ವಜ್ಞ ಜಯಂತಿ. ಫೋಟೋಕ್ಕೆ ಹಾರ, ನಾಲ್ಕು ಭಾಷಣ, ಕುಂಬಾರ ಸಮಾಜದ ಹಿರಿಯರಿಗೆ ಶಾಲು. 21ರಂದು ಮಣ್ಣಿನ ಅರ್ಜಿ ಹಿಡಿದು ಹೋದರೆ "ಮುಂದಿನ ವಾರ ಬನ್ನಿ".

ಯೋಜನೆಗಳೇ ಇಲ್ಲ ಅನ್ನುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ, ತರಬೇತಿಯ ದಿನಕ್ಕೆ 500 ರೂಪಾಯಿ. ಒಳ್ಳೆಯದೇ. ಕರೆಂಟಿನ ತಿಗರಿ ಬಂದರೆ ಸೊಂಟ ಉಳಿಯುತ್ತದೆ. ನಮ್ಮ ಕಡೆ ತಿಗರಿ ಮೇಲೆ ಕೂರದ ಹೆಂಗಸರೂ ಕೂರಬಹುದು. ಆದರೆ ಚಕ್ರ ಕೊಟ್ಟು ಮಣ್ಣು ಕೊಡದಿದ್ದರೆ? ಎತ್ತು ಕೊಟ್ಟು ಹೊಲ ಕಿತ್ತುಕೊಂಡ ಹಾಗೆ.

ಆಗಬೇಕಾದ್ದು

ಒಂದು, ಪ್ರತಿ ಕೆರೆ ಹೂಳೆತ್ತುವಾಗಲೂ ಮೊದಲ ಪಾಲಿನ ಜಿಗುಟು ಮಣ್ಣು ಆ ಭಾಗದ ಕುಂಬಾರರಿಗೆ ಎಂದು ಪಂಚಾಯ್ತಿ ನಿರ್ಣಯ ಬರೆದಿಡಬೇಕು. ಎರಡು, ತಾಲ್ಲೂಕಿಗೊಂದು ಸಾಮೂಹಿಕ ಗೂಡು ಬೇಕು. ಅಲ್ಲಿ ಹೆಚ್ಚಿನ ಶಾಖದ ಕೆಲಸ ಮತ್ತು ಸೀಸವಿಲ್ಲದ ಲೇಪದ ಕೆಲಸ ಕಲಿಸಬೇಕು. ಬೆಂಗಳೂರು, ಮೈಸೂರಿನ ಸ್ಟುಡಿಯೋದವರನ್ನು ಶತ್ರುಗಳೆನ್ನದೆ ಮೇಷ್ಟ್ರಾಗಿ ಕರೆಯಬೇಕು. ಹರವಿ ತಟ್ಟುವುದನ್ನು ಅವರೂ ಇಲ್ಲಿ ಕಲಿತು ಹೋಗಲಿ. ಮೂರು, ಮೇಲುಕೋಟೆಯ ವೈರಮುಡಿಗೆ ಬರುವ ಲಕ್ಷಾಂತರ ಜನದ ಕಣ್ಣಿಗೆ ಬೀಳುವ ಕಡೆ, ಬಸ್ ಸ್ಟ್ಯಾಂಡಿನ ಒಂದು ಮಳಿಗೆಯಲ್ಲಿ, ಈ ಸಾಮಾನಿಗೆ ಜಾಗ ಕೊಡಬೇಕು.

ಅಂಗಡಿಯವರಿಗೂ ಒಂದು ಮಾತು. 2004ರಲ್ಲಿ ಲಾಲೂ ಪ್ರಸಾದ್ ರೈಲಿನಲ್ಲಿ ಮಣ್ಣಿನ ಟೀ ಕುಡಿಕೆ ತಂದಾಗ ದೇಶವೆಲ್ಲ ಸುದ್ದಿಯಾಯಿತು. ಆದರೆ ಕುಡಿದು ಬಿಸಾಡುವ ಕುಡಿಕೆಯನ್ನು ಕುರುಡಾಗಿ ಹೊಗಳಬೇಕಿಲ್ಲ. ಒಮ್ಮೆ ಸುಟ್ಟ ಮಣ್ಣು ಮತ್ತೆ ಹೊಲದ ಮಣ್ಣಾಗುವುದಿಲ್ಲ. ದಿನಕ್ಕೆ ಸಾವಿರ ಬಿಸಾಡಿದರೆ ಕೆರೆಯೂ ಬರಿದು, ಚರಂಡಿಯೂ ಭರ್ತಿ. ಅದಕ್ಕಿಂತ ತೊಳೆದು ಬಳಸುವ ಗಟ್ಟಿ ಲೋಟ, ಹೋಟೆಲಿಗೆ ಮೊಸರಿನ ಮಡಕೆ, ಮನೆಗೆ ಸಾರಿನ ಗಡಿಗೆ, ದೀಪಾವಳಿಗೆ ಹೊರಗಿನ ಅಚ್ಚಿನ ದೀಪದ ಬದಲು ಇಲ್ಲಿಯ ಹಣತೆ ಕೊಂಡರೆ ಸಾಕು.

ಕುಂಬಾರರ ಕಡೆಯಿಂದಲೂ ಬದಲಾವಣೆ ಬರಬೇಕು. ಅಜ್ಜ ಮಾಡಿದ ನಾಲ್ಕು ಆಕಾರವನ್ನೇ ಮಾಡುತ್ತೇವೆ ಅಂದರೆ ಗಿರಾಕಿ ಬಾರ. ಹೊರಗಿನ ಸಾಮಾನು ತಂದು ನಮ್ಮದೇ ಅಂತ ಮಾರಿದರೆ ನಂಬಿಕೆ ಉಳಿಯದು.

ಮುಂದಿನ ಬೇಸಿಗೆಗೆ ಕೆರೆಗಳು ಒಣಗುತ್ತವೆ, ಟ್ರ್ಯಾಕ್ಟರುಗಳು ಬರುತ್ತವೆ. ಆಗ ಕುಂಬಾರನ ನಾಲ್ಕು ಗಾಡಿ ಮಣ್ಣು ಬೇರೆ ಇಡುತ್ತಾರೋ ಇಲ್ಲವೋ ಎಂಬುದು ಬೆಂಗಳೂರಿನಲ್ಲಿ ತೀರ್ಮಾನವಾಗುವ ಸಂಗತಿಯಲ್ಲ, ಇಲ್ಲಿಯ ಪಂಚಾಯ್ತಿ ಕಟ್ಟೆಯಲ್ಲೇ ಆಗಬೇಕು. ಕುಂಬಾರನ ಮನೆಯಲ್ಲಿ ಕೂತು ಕುಂತಿ ಹೇಳಿದ್ದು ಹಂಚಿಕೊಳ್ಳಿ ಅಂತ. ಕುಂತಿಬೆಟ್ಟದ ಬುಡದಲ್ಲಿರುವವರು ಆ ಮಾತಿಗೆ ಕೆರೆ ಮಣ್ಣಿನಷ್ಟಾದರೂ ಬೆಲೆ ಕೊಡಲಿ.